ಗಂಗಾಪೂಜೆಯ ಮೆಟ್ಟಿಲು

“ಏಯ್ ಬೋಳಿಮಗನೆ, ಕಾಲು ತೆಗಿ. ಕಲ್ಲಿನ ಮೇಲಿಂದ ಕಾಲು ತೆಗಿ ಅಂದೆ.”

ಭೂತಪ್ಪ ಕಾಲು ತೆಗೆದ. ತೆಗೆಯುವುದಕ್ಕೆ ಅಂಥದ್ದೇನೂ ಇರಲಿಲ್ಲ. ಮರದ ಬಾಗು ಎತ್ತ ಇದೆ ಎಂದು ನೋಡಲು ನೀರಿನಂಚಿನಲ್ಲಿ ಬಗ್ಗಿದ್ದವನು, ಜಾರಬಾರದೆಂದು ಕೊನೆಯ ಮೆಟ್ಟಿಲಿಗೆ ಹೆಬ್ಬೆರಳು ಊರಿದ್ದ, ಅಷ್ಟೆ. ಹತ್ತು ಹನ್ನೆರಡು ಮೆಟ್ಟಿಲು ಮೇಲಿನ ಮಂಟಪದಲ್ಲಿ ಕುರ್ಚಿ ಹಾಕಿಸಿಕೊಂಡು ಕಾಫಿ ಕುಡಿಯುತ್ತಿದ್ದ ಪಟೇಲ ಕೊಟ್ರಬಸಪ್ಪನವರ ಕಣ್ಣಿಗೆ ಆ ಬೆರಳು ಬಿತ್ತು. ಮನೆತನದಷ್ಟೇ ಹಳೆಯ ಮರವೊಂದು ಹೊಳೆಗೆ ಬಿದ್ದದ್ದು ಅವರಿಗೆ ಗೊತ್ತಾಗಲು ಒಂದು ದಿನ ಬೇಕಾಗಿತ್ತು. ಹೊಲೆಯನ ಹೆಬ್ಬೆರಳು ಕಾಣಲು ಒಂದು ಗಳಿಗೆಯೂ ಬೇಕಾಗಲಿಲ್ಲ.

“ಮರ ಕಡಿಯೋಕೆ ಕರ್ಸಿದ್ನೋ, ನೋಡೋಕೆ ಕರ್ಸಿದ್ನೋ? ಹೆಣ್ಣು ನೋಡೋಕೆ ಬಂದೋನ ಥರ ಬೆಳಗ್ಗಿಂದ ಸುತ್ತಾ ಇದೀಯಲ್ಲೋ.”

ಮಂಟಪದಲ್ಲಿದ್ದ ಆಳುಗಳು ನಕ್ಕರು. ದಂಡೆಯ ಕೆಸರಿನಲ್ಲಿ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ ಬಂಗಾರಮ್ಮ ನಗಲಿಲ್ಲ. ಗಂಡ ಬೈಸಿಕೊಳ್ಳುವುದನ್ನು ನೋಡಿ ನೋಡಿ ಅವಳಿಗೆ ಅಭ್ಯಾಸವಾಗಿತ್ತು. ಅಭ್ಯಾಸವಾಗಿದ್ದರೂ ಹಗ್ಗದ ಸುರುಳಿಯನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಿಸಿದಳು.

ಭದ್ರಾವತಿಗೆ ಎರಡು ಮೈಲಿ ಕೆಳಗೆ, ಕಬ್ಬಿಣದ ಕಾರ್ಖಾನೆಯ ಕೂಗು ಕೇಳುವಷ್ಟು ಹತ್ತಿರದಲ್ಲಿ ಆ ಊರು. ಅರವತ್ತೊಂದರ ಶ್ರಾವಣದಲ್ಲಿ ಹೊಳೆ ಏರಿ, ಈಶ್ವರನ ಗುಡಿಯ ಮೆಟ್ಟಿಲುಗಳ ಪಕ್ಕದಲ್ಲಿದ್ದ ಹೊಳೆಮತ್ತಿಯ ಬುಡ ಸಡಿಲಿಸಿತ್ತು. ಒಬ್ಬ ತಬ್ಬಿದರೆ ಕೈ ಕೂಡದ ಮರ. ಬೇರು ಅರ್ಧ ದಂಡೆಯಲ್ಲೇ ಉಳಿದಿತ್ತು, ತಲೆ ಸೆಳವಿನಲ್ಲಿತ್ತು. ರೆಂಬೆಗಳ ನಡುವೆ ಹೊಳೆ ತಂದ ಬಿದಿರು, ಕಸ, ಊದಿಕೊಂಡ ಒಂದು ಎಮ್ಮೆ ಸಿಕ್ಕಿಕೊಂಡು, ನೀರು ಅದನ್ನೆಲ್ಲ ಒಟ್ಟಿಗೆ ತಳ್ಳುತ್ತಿತ್ತು. ಆ ಒತ್ತಡಕ್ಕೆ ಬೊಡ್ಡೆ ಬಿಲ್ಲಿನ ಹಾಗೆ ಬಾಗಿ, ಮೆಟ್ಟಿಲಿನ ಮೂಲೆಗಲ್ಲಿಗೆ ಆತು ನಿಂತಿತ್ತು. ಮೆಟ್ಟಿಲಿಳಿದು ನೀರು ಮುಟ್ಟಲು ಯಾರಿಗೂ ದಾರಿ ಇರಲಿಲ್ಲ.

ಶುಕ್ರವಾರ ಪಟೇಲರ ಮಗಳ ಗಂಗಾಪೂಜೆ, ಭಾನುವಾರ ಧಾರೆ. ಶಿವಮೊಗ್ಗದ ಅಡಿಕೆ ಮಂಡಿಯ ಬೀಗರು ಹೆಂಗಸರನ್ನೆಲ್ಲ ಎರಡು ಕಾರುಗಳಲ್ಲಿ ಕರೆತರುವವರಿದ್ದರು. ಅವತ್ತು ಮಂಗಳವಾರ.

ನೀರಿಗೆ ಬಿದ್ದ ಮರ ಕಡಿಯುವುದು ಭೂತಪ್ಪನ ಅಪ್ಪನ ಕಾಲದಿಂದ ಬಂದ ಕಸುಬು. ಮಳೆಗಾಲದಲ್ಲಿ ತೇಲಿಬಂದು ಭದ್ರಾವತಿಯ ಸೇತುವೆಗೆ ಸಿಕ್ಕಿಕೊಳ್ಳುವ ಮರಗಳನ್ನು ಬಿಡಿಸಲು ಅವನನ್ನೇ ಕರೆಯುತ್ತಿದ್ದರು. ಮರ ನೋಡಿದರೆ ಅದು ಕಡಿದ ಮೇಲೆ ಯಾವ ಕಡೆ ಒದೆಯುತ್ತದೆ ಎಂದು ಹೇಳಬಲ್ಲವನಾಗಿದ್ದ. ಈಗಲೂ ಹೇಳಿದ, ಟವಲು ಕಂಕುಳಲ್ಲಿಟ್ಟುಕೊಂಡು, ಕೆಸರಿನಲ್ಲಿ ನಿಂತು.

“ಗೌಡ್ರೆ, ಈ ಮರ ಬಲ ಹಿಡ್ಕಂಡೈತೆ. ಮೇಲ್ಮಗ್ಲಲ್ಲಿ ನಿಂತ್ರೆ ನೀರು ರೆಂಬೆ ಅಡೀಗೆ ಎಳ್ಕಂತದೆ. ಕೆಳಮಗ್ಲಲ್ಲಿ ನಿಂತ್ರೆ ಬೊಡ್ಡೆ ಮೈಮ್ಯಾಲೆ ಉಳ್ಳುತ್ತೆ. ನಿಲ್ಲೋಕೆ ಇರಾದು ಒಂದೇ ಜಾಗ, ಈ ಕೊನೇ ಎರಡು ಮೆಟ್ಲು. ಅಲ್ಲಿ ನಿಂತು ಮೊದ್ಲು ರೆಂಬೆ ಕಡ್ದು ಹಗುರ ಮಾಡ್ಬೇಕು. ಆಮ್ಯಾಕೆ ಮರಕ್ಕೊಂದು ಹಗ್ಗ ಹಾಕಿ ಮಂಟಪದ ಕಂಬಕ್ಕೆ ಸುತ್ತಿ, ಬೊಡ್ಡೆ ಕಡ್ದು ಮೆಲ್ಲಗೆ ಬಿಡ್ಬೇಕು. ಎರಡು ದಿನದ ಕೆಲ್ಸ. ಯಾರಿಗೂ ಏನೂ ಆಗಾಕಿಲ್ಲ.”

ಪಟೇಲರು ಲೋಟ ಕೆಳಗಿಟ್ಟರು. “ಎಲ್ಲಿ ನಿಂತು ಅಂದಿ?”

“ಕೊನೇ ಎರಡು ಮೆಟ್ಲು, ಗೌಡ್ರೆ.”

“ಅಲ್ಲಿ ನಿಂತ್ಕಂಡು ಸ್ನಾನನೂ ಮಾಡ್ಬಿಡು. ಹಂಗೇ ಗರ್ಭಗುಡಿಗೂ ಹೋಗಿ ಬಾ. ಜೋಯಿಸ್ರೆ, ಕೇಳಿದ್ರಾ?”

ಜೋಯಿಸ ನರಸಿಂಹಮೂರ್ತಿ ಗುಡಿಯ ಪೂಜೆಯವರು. ಮೆತ್ತಗಿನ ಮನುಷ್ಯ, ಯಾರ ಮೇಲೂ ದನಿ ಎತ್ತಿದವರಲ್ಲ. ಮೆತ್ತಗೇ ಹೇಳಿದರು. “ನಿಲ್ಲಬಾರದು ಅಂತ ನಾನ್ಯಾಕೆ ಹೇಳಲಿ. ನಿಂತರೆ ಶುದ್ಧಿ ಆಗಬೇಕಾಗುತ್ತೆ. ಮೂರು ದಿನದ ಶುದ್ಧಿ, ಶಾಸ್ತ್ರದಲ್ಲಿದೆ. ಶುಕ್ರವಾರದ ಪೂಜೆ ಮುಂದಕ್ಕೆ ಹಾಕೋದಾದರೆ ಆಗಲಿ.”

“ಮುಂದಕ್ಕೆ ಹಾಕ್ತಾರಂತೆ,” ಎಂದರು ಪಟೇಲರು. “ಲೇ ಭೂತ, ಶಾಸ್ತ್ರ ಕೇಳಿದ್ಯಲ್ಲ. ನಾಳೆ ಬೆಳಗ್ಗೆ ನೀರಿಗಿಳಿ. ರೆಂಬೆಗಿಂಬೆ ಅಂತ ಆಟ ಕಟ್ಬೇಡ, ನಡುವೆ ಕಡಿ, ಹೋಗ್ಲಿ ಮರ ಹೊಳೇಲಿ. ನೀನು ನೀರಲ್ಲಿ ನಿಂತು ಕಡಿಯೋನು, ನಿಂಗ್ಯಾಕೋ ಕಲ್ಲು?”

“ಜೀವ ಹೋಗ್ತದೆ ಗೌಡ್ರೆ.”

“ಗುಡಿಸ್ಲು ಹೋದ್ರೆ ಪರವಾಗಿಲ್ವಾ? ಆ ಜಾಗ ಯಾರದು? ಇವತ್ತೇ ಕಿತ್ತಾಕಿಸ್ತೀನಿ, ಈ ಮಳೇಲಿ ಹೆಂಡ್ತಿ ಜೊತೆ ಸೇತುವೆ ಅಡಿ ಮಲ್ಕೋ. ನಿಂದೊಂದೇ ಅಲ್ಲ, ಹನ್ನೊಂದು ಗುಡಿಸ್ಲೂ ಹೋಗ್ತಾವೆ.”

ಹನ್ನೊಂದು ಗುಡಿಸಲುಗಳಲ್ಲಿ ಆ ಹೊತ್ತಿಗೆ ಇಬ್ಬರು ಬಾಣಂತಿಯರಿದ್ದರು. ಭೂತಪ್ಪ ಟವಲು ಹೆಗಲಿಗೆ ಹಾಕಲಿಲ್ಲ, ಪಟೇಲರ ಮುಂದೆ ಹಾಕುವಂತಿರಲಿಲ್ಲ. ಆಗಲಿ ಎಂದು ತಲೆಯಾಡಿಸಿ ಹೊರಟ. ಅವನ ತಲೆಯಾಡಿಸುವಿಕೆಯನ್ನು ನೋಡಿದಾಗ ಬಂಗಾರಮ್ಮನಿಗೆ ಪಟೇಲರಿಗಿಂತ ಅವನ ಮೇಲೇ ಹೆಚ್ಚು ಸಿಟ್ಟು ಬಂತು.

*

ಬುಧವಾರ ಬೆಳಗ್ಗೆ ಸರ್ಕಾರದ ಕಡೆಯಿಂದ ಓವರ್ಸಿಯರ್ ಲಕ್ಷ್ಮೀಕಾಂತ ಬಂದ. ಹೊಳೆಯ ದಂಡೆಯ ಮರವಾದ್ದರಿಂದ ಅಳತೆ ತೆಗೆದು ನಂಬರು ಹಾಕಬೇಕಿತ್ತು. ಪ್ಯಾಂಟು ಮಡಚಿ, ಛತ್ರಿ ಹಿಡಿದು, ನಿನ್ನೆ ಭೂತಪ್ಪನ ಬೆರಳು ತಾಗಿದ್ದ ಅದೇ ಮೆಟ್ಟಿಲಿನ ಮೇಲೆ ಬೂಟುಗಾಲಿನಲ್ಲಿ ನಿಂತು ಟೇಪು ಹಿಡಿಸಿದ. ಬೂಟಿನ ಬಗ್ಗೆ ಶಾಸ್ತ್ರದಲ್ಲಿ ಏನೂ ಇರಲಿಲ್ಲವೆಂದು ಕಾಣುತ್ತದೆ, ಜೋಯಿಸರು ಅವನಿಗೆ ಕಾಫಿ ತರಿಸಿಕೊಟ್ಟರು.

ಬಂಗಾರಮ್ಮ ಗಂಡನನ್ನು ತಿವಿದಳು. “ಕೇಳು ಮಾವ. ಸರ್ಕಾರದೋರು. ಮೆಟ್ಲು ಮುಟ್ಬೋದು ಅಂತ ಕಾನೂನು ಬಂದೈತಂತಲ್ಲ, ಕೇಳು.”

ಭೂತಪ್ಪ ಕೇಳಿದ. ಓವರ್ಸಿಯರ್ ಮಂಟಪದ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿದ.

“ಕಾನೂನೇನೋ ಇದೆಯಪ್ಪ. ನೀನು ಕಂಪ್ಲೇಂಟ್ ಕೊಟ್ರೆ ಕೇಸಾಗುತ್ತೆ, ಶಿವಮೊಗ್ಗಕ್ಕೆ ನಾಲ್ಕು ವರ್ಷ ಓಡಾಡ್ತೀಯ. ನಾನು ಮರಕ್ಕೆ ನಂಬರ್ ಹಾಕೋಕೆ ಬಂದೋನು. ಹುಷಾರಾಗಿ ಕೆಲ್ಸ ಮಾಡು, ಆಯ್ತಾ? ಸೇಫ್ಟಿ ಮುಖ್ಯ.”

ಅಷ್ಟು ಹೇಳಿ, ಬೊಡ್ಡೆಯ ಮೇಲೆ ಬಿಳಿ ಬಣ್ಣದಲ್ಲಿ ಹದಿನೇಳು ಎಂದು ಬರೆಸಿ, ಮಂಟಪಕ್ಕೆ ಹತ್ತಿದ.

ಅವರ ಕೇರಿಯಲ್ಲಿ ಒಂದು ಕಟ್ಟಳೆ ಇತ್ತು. ನೀರಿಗಿಳಿದು ಮರ ಕಡಿಯುವವನ ಕಂಕುಳಡಿಗೆ ಕಟ್ಟಿದ ಹಗ್ಗವನ್ನು ದಂಡೆಯಲ್ಲಿ ಅವನ ಹೆಂಡತಿಯೇ ಹಿಡಿಯಬೇಕು. ಹೆಂಡತಿ ಇಲ್ಲದವನಿಗೆ ತಾಯಿ. ಅಣ್ಣತಮ್ಮಂದಿರು ಹಿಂದೆ ನಿಂತು ಬಲ ಕೊಡಬಹುದು, ಮೊದಲ ಹಿಡಿತ ಅವಳದು. ಬೇರೆ ಯಾರಿಗಾದರೂ ಅಂಗೈ ಕಿತ್ತು ಬಂದರೆ ಬಿಟ್ಟಾರು, ಮುಂಡೆಯಾಗುವವಳು ಬಿಡುವುದಿಲ್ಲ ಎಂಬುದು ಹಿರಿಯರ ಲೆಕ್ಕ. ಹದಿನೆಂಟು ವರ್ಷದಿಂದ ಬಂಗಾರಮ್ಮ ಭೂತಪ್ಪನ ಹಗ್ಗ ಹಿಡಿದಿದ್ದಳು. ಹಗ್ಗ ಅದುರುವುದರಿಂದಲೇ ಅವನ ಕಾಲು ಜಾರಿತೋ, ದಣಿವಾಯಿತೋ, ಬೀಡಿ ಬೇಕಾಯಿತೋ ತಿಳಿಯುತ್ತಿತ್ತು. ಮರ ಓದುವುದನ್ನೂ ಹಾಗೇ ನೋಡಿ ನೋಡಿ ಕಲಿತಿದ್ದಳು, ಯಾರೂ ಕಲಿಸಿರಲಿಲ್ಲ.

ಅವಳು ಮೆಟ್ಟಿಲಿನ ಪಕ್ಕದ ಗಟ್ಟಿ ನೆಲದಲ್ಲಿ ನಿಂತು ಹಗ್ಗ ಬಿಟ್ಟಳು. ಹಗ್ಗ ಮೆಟ್ಟಿಲಿನ ಮೂಲೆಯ ಮೇಲೆ ಹಾದು ನೀರಿಗಿಳಿಯಿತು.

“ಏಯ್, ಏಯ್,” ಎಂದರು ಜೋಯಿಸರು. “ಹಗ್ಗ ಎತ್ತಮ್ಮ. ಒದ್ದೆ ಹಗ್ಗ. ಅವನ ಮೈಗೆ ತಾಗಿದ್ದು ಕಲ್ಲಿಗೆ ತಾಗುತ್ತೆ.”

“ಹಗ್ಗಕ್ಕೂ ಮೈಲ್ಗೆನಾ ಸ್ವಾಮಿ?” ಎಂದ ಭೂತಪ್ಪನ ತಮ್ಮ ರಂಗಪ್ಪ. ಅವನು ಅತ್ತಿಗೆಯ ಹಿಂದೆ ನಿಂತಿದ್ದ.

“ಒದ್ದೆ ಆದರೆ ಉಂಟು. ಒಣಗಿದ್ದರೆ ಇಲ್ಲ.”

ಹೊಳೆಯಲ್ಲಿ ಒಣಗಿದ ಹಗ್ಗ ಎಲ್ಲಿಂದ ತರುವುದು ಎಂದು ಯಾರೂ ಕೇಳಲಿಲ್ಲ. ಬಂಗಾರಮ್ಮ ಹಗ್ಗ ಎತ್ತಿಕೊಂಡು ಮೆಟ್ಟಿಲುಗಳಿಗೆ ತಾಗದಂತೆ ಕೆಳಗೆ, ನಾಲ್ಕು ಮಾರು ಆಚೆಯ ಕೆಸರಿಗೆ ಹೋದಳು. ಅಲ್ಲಿ ಮೊಣಕಾಲು ಹೂಳುತ್ತಿತ್ತು, ಕಾಲು ಕೊಡಲು ಒಂದು ಕಲ್ಲಿರಲಿಲ್ಲ. ಅಲ್ಲಿಂದ ಎಳೆದರೆ ಗಂಡನನ್ನು ಮೇಲಕ್ಕೆಳೆದಂತಾಗುವುದಿಲ್ಲ, ಮರದಡಿಗೇ ಎಳೆದಂತಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಭೂತಪ್ಪನಿಗೂ ಗೊತ್ತಿತ್ತು. ಅವನು ಅವಳ ಕಡೆ ನೋಡಿ, ಕೊಡಲಿ ಹಿಡಿದು ಎದೆಮಟ್ಟದ ನೀರಿಗಿಳಿದ.

*

ಎರಡು ಗಂಟೆ ಹೊತ್ತು ಕಡಿದ. ಪಟೇಲರು ಮಂಟಪದಿಂದ ನೋಡುತ್ತಿದ್ದರು. ನಡುವೆ ಒಂದು ಸಲ ಭೂತಪ್ಪ ನಿಂತು, ಬೊಡ್ಡೆಗೆ ಕಿವಿಯಿಟ್ಟು ಕೇಳಿ, ಕೂಗಿ ಹೇಳಿದ. “ಗೌಡ್ರೆ, ಒಳಗೆ ಸೀಳ್ತಾ ಐತೆ. ಇವತ್ತು ಸಾಕು. ನೀರು ಇನ್ನೊಂದು ಮೊಳ ಇಳೀಲಿ.”

“ನೀರು ಇಳೀಲಿ, ಬೀಗರು ಕಾಯ್ಲಿ, ನಿನ್ನ ಸವಾರಿ ಆಮೇಲೆ ಬರ್ಲಿ. ಕಡಿಯೋ ಸೂಳೆಮಗನೆ.”

ಅವನು ಮತ್ತೆ ಮೂರು ಏಟು ಹಾಕಿದ. ನಾಲ್ಕನೆಯದಕ್ಕೆ ಮರ ಗುಂಡು ಹೊಡೆದಂತೆ ಸದ್ದು ಮಾಡಿ, ಕಾಲು ಸುತ್ತು ಹೊರಳಿತು. ಕೊಡಲಿ ಹೋಯಿತು. ಭೂತಪ್ಪನ ತೊಡೆ ಬೊಡ್ಡೆಗೂ ಮೂಲೆಗಲ್ಲಿಗೂ ನಡುವೆ ಸಿಕ್ಕಿತು. ಬಂಗಾರಮ್ಮ ಎಳೆದಳು. ರಂಗಪ್ಪನೂ ಎಳೆದ. ಇಬ್ಬರೂ ಕೆಸರಿನಲ್ಲಿ ಕುಸಿದು ಕೂತರೇ ಹೊರತು ಹಗ್ಗ ಒಂದು ಗೇಣು ಬರಲಿಲ್ಲ.

ಭೂತಪ್ಪನ ತಲೆ ನೀರಿನ ಮೇಲೇ ಇತ್ತು. ಬಲಗೈ ಮೇಲೆ ಬಂತು, ತಡಕಾಡಿತು, ಕೊನೆಯ ಮೆಟ್ಟಿಲಿನ ಅಂಚನ್ನು ಹಿಡಿಯಿತು. ಗಟ್ಟಿಯಾಗಿಯೇ ಹಿಡಿಯಿತು, ಬೆರಳ ಗಿಣ್ಣುಗಳು ಬಿಳಿಚಿದ್ದು ಅಷ್ಟು ದೂರದಿಂದ ಬಂಗಾರಮ್ಮನಿಗೆ ಕಂಡಿತು. ಅವನು ಮೈ ಮೇಲೆಳೆದುಕೊಳ್ಳತೊಡಗಿದ. ತೊಡೆ ಬಿಡಿಸಿಕೊಳ್ಳುತ್ತಿತ್ತು. ಮೆಟ್ಟಿಲುಗಳ ಮೇಲೆ ಪಟೇಲರ ಇಬ್ಬರು ಆಳುಗಳಿದ್ದರು, ಜೋಯಿಸರಿದ್ದರು. ಬಗ್ಗಿದರೆ ಕೈಗೆ ಸಿಗುವಷ್ಟು ಹತ್ತಿರ.

“ಕೈ ಕೊಡ್ರೋ,” ಎಂದು ಕಿರುಚಿದಳು. “ನಿಮ್ಮ ಕಾಲಿಗೆ ಬೀಳ್ತೀನಿ, ಯಾರಾದ್ರು ಕೈ ಕೊಡ್ರೋ.”

ಜೋಯಿಸರು ಎರಡು ಮೆಟ್ಟಿಲು ಹಿಂದಕ್ಕೆ ಹತ್ತಿದರು. ಅವರಿಗೂ ಗಾಬರಿಯಾಗಿತ್ತು. ಗಾಬರಿಯಲ್ಲಿ ಬಾಯಿಗೆ ಬರುವುದು ರೂಢಿಯ ಮಾತೇ.

“ಏಯ್, ಮುಟ್ಟಬೇಡ. ಮುಟ್ಟಬೇಡ.”

ಆ ಕೈ ಕಲ್ಲು ಬಿಟ್ಟಿತು.

ನೀರು ಬಿಡಿಸಲಿಲ್ಲ, ಮರ ಬಿಡಿಸಲಿಲ್ಲ. ಬಂಗಾರಮ್ಮ ಕಣ್ಣು ಮುಚ್ಚದೆ ನೋಡಿದಳು. ಬೈಗುಳ ಕೇಳಿದ ತಕ್ಷಣ ಕಾಲು ತೆಗೆದಂತೆಯೇ ಅವನು ಕೈ ತೆಗೆದ. ಹುಟ್ಟಿದಾಗಿನಿಂದ ಆ ಮಾತಿಗೆ ಕೈ ಹಿಂದೆಗೆದುಕೊಂಡೇ ಬೆಳೆದವನ ಕೈ ಸಾಯುವ ಹೊತ್ತಿನಲ್ಲೂ ಅವನನ್ನು ಕೇಳದೆ ತಾನೇ ಹಿಂದೆ ಸರಿಯಿತು. ಮುಖದ ಮೇಲೆ ತಪ್ಪಾಯಿತು ಎಂಬ ಭಾವವೂ ಇತ್ತು. ಮರ ಇನ್ನೊಂದು ಸುತ್ತು ಹೊರಳಿ ಅವನ ಮೇಲೆ ಕೂತಿತು.

ಹಗ್ಗ ಸ್ವಲ್ಪ ಹೊತ್ತು ಅದುರಿತು. ಆಮೇಲೆ ಅದುರಲಿಲ್ಲ.

*

ಪಟೇಲರು ಮೊದಲು ಕೇಳಿದ್ದು, “ತೇಲಿಹೋದ್ನಾ?” ಎಂದು. ಇಲ್ಲ, ಮೆಟ್ಟಿಲಿನ ಬುಡದಲ್ಲೇ ಮರದಡಿ ಸಿಕ್ಕಿಕೊಂಡಿದ್ದಾನೆ ಎಂದು ಆಳು ಹೇಳಿದ. ಪಟೇಲರು ಹಣೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು.

“ಅಯ್ಯೋ ಶಿವನೆ. ನಾಡಿದ್ದು ಪೂಜೆ. ಸಾಯೋನು ಎಲ್ಲಾದ್ರೂ ಸಾಯಬಾರ್ದಿತ್ತಾ, ಹೊಳೆ ಇಷ್ಟುದ್ದ ಐತೆ.”

ಓವರ್ಸಿಯರ್ ಲಕ್ಷ್ಮೀಕಾಂತ ಮಂಟಪದಲ್ಲೇ ಕೂತು ಒಂದು ಕಾಗದ ಬರೆದ. ಕುಡಿದ ಮತ್ತಿನಲ್ಲಿ, ಯಾರ ಮಾತನ್ನೂ ಕೇಳದೆ, ತಾನಾಗಿ ನೀರಿಗಿಳಿದು ಎಂದು ಬರೆದ. ಬರೆದದ್ದನ್ನು ಒಂದು ಸಲ ಹೊಡೆದುಹಾಕಿದ, ಅದನ್ನೂ ಹೇಳಬೇಕು. ಹೊಡೆದುಹಾಕಿದ್ದನ್ನೇ ಮತ್ತೆ ಪೂರ್ತಿ ಬರೆದು ಮುಗಿಸಿದ.

“ಕುಡ್ದಿರ್ಲಿಲ್ಲ ಸ್ವಾಮಿ,” ಎಂದ ರಂಗಪ್ಪ ಕೆಳಗಿನಿಂದ. “ಬೆಳಗ್ಗೆ ಗಂಜಿನೂ ಕುಡ್ದಿರ್ಲಿಲ್ಲ.”

“ಇರ್ಲಿ ಬಿಡಪ್ಪ. ಹೀಗೆ ಬರೆದ್ರೆ ನಿಮಗೇ ಒಳ್ಳೇದು, ಪೊಲೀಸ್ರು ಹೆಣ ಕೊಯ್ಸಲ್ಲ, ಬೇಗ ಕೊಡ್ತಾರೆ.”

ಹೆಣ ಕೊಡಲು ಅವರ ಕೈಯಲ್ಲೆಲ್ಲಿತ್ತು. ಹೆಣ ಬಂಗಾರಮ್ಮನ ಕೈಯಲ್ಲಿದ್ದ ಹಗ್ಗದ ಇನ್ನೊಂದು ತುದಿಯಲ್ಲಿತ್ತು. ಬಿಡು ಅಂದರೂ ಅವಳು ಬಿಡಲಿಲ್ಲ. ಬಿಟ್ಟರೆ ಹೊಳೆ ಎಳೆದುಕೊಂಡು ಹೋದೀತೆಂದು ಹಾಗೇ ಕೆಸರಿನಲ್ಲಿ ಬೆಳಗು ಮಾಡಿದಳು. ಅತ್ತೆ ಶೇಷಮ್ಮ ಬಂದು ಪಕ್ಕದಲ್ಲಿ ಕೂತಳು. ಮುದುಕಿ ಅಳಲಿಲ್ಲ, ಹೊಳೆಯ ಕಡೆ ನೋಡುತ್ತ ಮಗನಿಗೆ ಬೈಯುತ್ತಿದ್ದಳು.

“ಕಲ್ಲು ಸಿಕ್ಕಿತ್ತಲ್ಲೋ ನಿನ್ ಕೈಗೆ. ಸಿಕ್ಕಿತ್ತಲ್ಲೋ ಹಾಟ್ಗಳ್ಳ.”

ಬಂಗಾರಮ್ಮನೂ ಅದನ್ನೇ ಅಂದುಕೊಳ್ಳುತ್ತಿದ್ದಳು. ದುಃಖಕ್ಕಿಂತ ಮುಂಚೆ ಸಿಟ್ಟು ಬಂದಿತ್ತು. ಯಾಕೆ ಬಿಟ್ಟೆ, ಯಾರಪ್ಪನ ಕಲ್ಲು ಅಂತ ಬಿಟ್ಟೆ ಎಂದು ಅವನನ್ನು ಎಬ್ಬಿಸಿ ಕೇಳಬೇಕೆನ್ನಿಸುತ್ತಿತ್ತು. ಅವನು ಎದ್ದುಬಂದರೆ ಕೆನ್ನೆಗೆ ಎರಡು ಹೊಡೆದು ಆಮೇಲೆ ಅಳುತ್ತಿದ್ದಳು.

ಗುರುವಾರ ಬೆಳಗ್ಗೆ ಪಟೇಲರ ಆಳುಗಳು ಸುತ್ತಮುತ್ತಲ ನಾಲ್ಕು ಕೇರಿ ತಿರುಗಿ ಬರಿಗೈಲಿ ಬಂದರು. ಹೆಣ ಇರುವ ನೀರಿಗೆ ಯಾರೂ ಇಳಿಯಲೊಪ್ಪಲಿಲ್ಲ. ಹೆಣ ತೆಗೆಯದೆ ಪೂಜೆ ಇಲ್ಲ, ಮರ ತೆಗೆಯದೆ ಹೆಣ ಬರುವುದಿಲ್ಲ. ಪಟೇಲರು ಕಾರ್ಖಾನೆಯ ಕಡೆ ಪರಿಚಯದವರಿಗೆ ಹೇಳಿ ಕಳಿಸಿದರು. ಲಾರಿಯಲ್ಲಿ ಮುಂಗೈ ದಪ್ಪದ ಸೆಣಬಿನ ಹಗ್ಗ ಬಂತು, ಹೊಸ ಕೊಡಲಿಗಳು ಬಂದವು, ಟೀ ಕೂಡ ಬಂತು.

ಆಮೇಲೆ ಜೋಯಿಸರು ಮೆಟ್ಟಿಲಿನ ಅಂಚಿಗೆ ಬಂದು ನಿಂತು ಹೇಳಿದರು. “ನೋಡು ರಂಗಪ್ಪ, ನೀವು ಮೆಟ್ಟಿಲ ಮೇಲೇ ನಿಂತು ಕಡೀಬಹುದು. ಕಂಬಕ್ಕೂ ಹಗ್ಗ ಕಟ್ಟಿ. ಆಪತ್ಕಾಲಕ್ಕೆ ಅಂತ ಬೇರೆ ಶಾಸ್ತ್ರ ಇದೆ. ಪಂಚಗವ್ಯ ಪ್ರೋಕ್ಷಣೆ ಮಾಡಿದರೆ ಸಾಕು. ಅರ್ಧ ಗಂಟೆ.”

ರಂಗಪ್ಪ ತಲೆ ಎತ್ತಿದ. “ಮೊನ್ನೆ ಮೂರು ದಿನ ಅಂದ್ರಿ.”

“ಅದು ಸಾಮಾನ್ಯ ಕಾಲಕ್ಕೆ.”

ಬಂಗಾರಮ್ಮ ಇದನ್ನೆಲ್ಲ ಕೇಳಿಸಿಕೊಂಡಳು. ಅರ್ಧ ಗಂಟೆ ಎಂಬುದನ್ನು ಬಾಯೊಳಗೇ ಒಂದೆರಡು ಸಲ ಹೇಳಿಕೊಂಡಳು. ಮೊನ್ನೆ ಬದುಕಿದ್ದವನ ಕಾಲಿಗೆ ಮೂರು ದಿನ, ಇವತ್ತು ಸತ್ತವನ ಮೈಗೆ ಅರ್ಧ ಗಂಟೆ. ನಿನ್ನೆಯೇ ಈ ಶಾಸ್ತ್ರ ನೆನಪಾಗಿದ್ದರೆ ಈ ಹೊತ್ತಿಗೆ ಅವನು ಬೀಡಿ ಸೇದುತ್ತ ಮನೆ ಮುಂದೆ ಕೂತಿರುತ್ತಿದ್ದ.

ಅವಳು ಎದ್ದಳು. ಹಗ್ಗವನ್ನು ಶೇಷಮ್ಮನ ಕೈಗೆ ಕೊಟ್ಟಳು. “ಅತ್ತೆ, ಹಿಡ್ಕೋ. ನಾನು ಅಂದಾಗ ಎಳಿ.”

*

“ಹೆಂಗ್ಸು ಕೊಡ್ಲಿ ಹಿಡಿಯೋದೇನೋ?” ಎಂದರು ಪಟೇಲರು ಮಂಟಪದಿಂದ.

“ಮರ ಹೆಂಗೆ ಬಾಗೈತೆ ಅಂತ ನಂಗೆ ತಿಳಿಯಾಕಿಲ್ಲ ಗೌಡ್ರೆ,” ಎಂದ ರಂಗಪ್ಪ. “ಅತ್ಗೆಗೆ ತಿಳೀತದೆ.”

ಪಟೇಲರು ಗಡಿಯಾರ ನೋಡಿಕೊಂಡು ಆಗಲಿ ಎಂಬಂತೆ ಕೈ ಬೀಸಿದರು.

ಬಂಗಾರಮ್ಮ ಸೀರೆಯ ಕಚ್ಚೆ ಕಟ್ಟಿ ಕೆಸರಿನಿಂದ ಮೆಟ್ಟಿಲಿನ ಮೇಲೆ ಕಾಲಿಟ್ಟಳು. ಅಂಗಾಲಿನ ಕೆಸರು ಕಲ್ಲಿನ ಮೇಲೆ ಅಚ್ಚೊತ್ತಿತು. ಕಲ್ಲು ಕಲ್ಲಿನ ಹಾಗೇ ಇತ್ತು, ತಣ್ಣಗೆ, ಒಂದಿಷ್ಟು ಪಾಚಿ. ಇಷ್ಟಕ್ಕಾ ಅಂದುಕೊಂಡಳು.

ಕೊನೆಯ ಮೆಟ್ಟಿಲಿನಲ್ಲಿ ನಿಂತು ಮರ ನೋಡಿದಳು. ಭೂತಪ್ಪ ಹಾಕಿದ ಕಚ್ಚು ಅರ್ಧಕ್ಕಿಂತ ಹೆಚ್ಚು ಹೋಗಿತ್ತು, ಸರಿಯಾದ ಜಾಗದಲ್ಲೇ ಇತ್ತು. ತಲೆಯ ಕಡೆ ನೀರು ಇನ್ನೂ ತಳ್ಳುತ್ತಿತ್ತು, ಎಮ್ಮೆ ಇನ್ನೂ ಅಲ್ಲೇ ಇತ್ತು. ಉಳಿದದ್ದು ಕಡಿದರೆ ತಲೆ ಹೊಳೆಗೆ ಹಾರುತ್ತದೆ, ಬೊಡ್ಡೆ ಸಡಿಲವಾಗಿ ಅವನನ್ನು ಬಿಡುತ್ತದೆ. ಅವಳು ದಪ್ಪ ಹಗ್ಗದ ಒಂದು ತುದಿಯನ್ನು ಮರದ ತಲೆಯ ಕಡೆಗೆ ಬಿಗಿದು, ಇನ್ನೊಂದು ತುದಿ ಎಳೆದುಕೊಂಡು ಮಂಟಪಕ್ಕೆ ಹತ್ತಿದಳು. ಪಟೇಲರು ಕುರ್ಚಿ ಸಮೇತ ಆಚೆಯ ಕಂಬದ ಕಡೆಗೆ ಸರಿದರು.

ಇಂಥ ಕೆಲಸದಲ್ಲಿ ಹಗ್ಗವನ್ನು ಕಂಬಕ್ಕೆ ಕಟ್ಟುವುದಿಲ್ಲ. ಎರಡು ಸುತ್ತು ಸುತ್ತಿ, ತುದಿಯನ್ನು ನಾಲ್ಕು ಜನ ಹಿಡಿದು, ಮರ ಎಳೆದಷ್ಟೂ ಹಗ್ಗ ಬಿಡುತ್ತ ಹೋಗುತ್ತಾರೆ. ಆಗ ಮರದ ಬಲ ಮೆಲ್ಲಮೆಲ್ಲನೆ ಇಳಿಯುತ್ತದೆ, ಕಂಬಕ್ಕೆ ನೋವಾಗುವುದಿಲ್ಲ. ಮಂಟಪವೆಂದರೆ ನಾಲ್ಕು ಕಂಬ, ಮೇಲೆ ತೊಲೆಗಲ್ಲು, ಚಪ್ಪಡಿ. ಗಾರೆಯಿಲ್ಲ, ತೂಕದ ಮೇಲೆ ನಿಂತದ್ದು. ನೂರಾರು ವರ್ಷದಿಂದ ಯಾರೂ ಮುಟ್ಟದೆ ನಿಂತದ್ದು.

ಬಂಗಾರಮ್ಮ ಹೊಳೆಯ ಕಡೆಯ ಕಂಬಕ್ಕೆ ಎರಡು ಸುತ್ತು ಸುತ್ತಿದಳು. ಮೂರನೆಯದನ್ನು ಅಡಿಯಿಂದ ತೂರಿಸಿ, ಮೊಣಕಾಲು ಕೊಟ್ಟು ಎಳೆದು, ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು.

ತುದಿ ಹಿಡಿಯಲು ಬಂದು ನಿಂತಿದ್ದ ರಂಗಪ್ಪ ಗಂಟು ನೋಡಿದ. ಅತ್ತಿಗೆಯ ಮುಖ ನೋಡಿದ.

“ಅತ್ಗೆ.”

“ನಮ್ಮೋರ್ನೆಲ್ಲ ದಂಡೆಗೆ ಕರ್ಕಂಡು ಹೋಗು. ನೀನೂ ಹೋಗು. ಅತ್ತೆ ಹಿಂದೆ ನಿಂತು ಬಲ ಕೊಡು.”

ಅವನು ಕೇರಿಯವರನ್ನು ಕರೆದುಕೊಂಡು ಇಳಿದು ಹೋದ.

“ಯಾಕೆ, ಅವ್ರೆಲ್ಲ ಎಲ್ಲಿಗೆ?” ಎಂದರು ಪಟೇಲರು.

“ಗೌಡ್ರೆ, ಮರ ಕಡೀವಾಗ ಇಲ್ಲಿ ಯಾರೂ ಇರಬಾರ್ದು. ಎದ್ದು ಗುಡಿ ಕಡೆ ಹೋಗಿ.”

“ನಂಗೆ ಎದ್ದೇಳು ಅಂತೀಯ?”

“ಹೂಂ. ಎದ್ದೇಳಿ ಅಂದೆ.”

ಪಟೇಲರು ಏಳಲಿಲ್ಲ. ಹೊಲಗೇರಿಯ ಹೆಂಗಸು ಎದ್ದೇಳು ಅಂದರೆ ಏಳುವ ಪಾಠ ಅವರ ಮೈಗೆ ಯಾರೂ ಕಲಿಸಿರಲಿಲ್ಲ. ಕಾಲ ಮೇಲೆ ಕಾಲು ಹಾಕಿ ಕೂತರು. ಬಂಗಾರಮ್ಮ ಮತ್ತೆ ಹೇಳಲಿಲ್ಲ. ಮೆಟ್ಟಿಲಿಳಿದು ಕೊಡಲಿ ಎತ್ತಿದಳು.

ಹತ್ತು ಏಟಿಗೆ ಮರ ನರಳಿತು. ಹದಿನೈದಕ್ಕೆ ಸೀಳಿತು. ಅವಳು ಹಿಂದಕ್ಕೆ ಹಾರಿ ಮೆಟ್ಟಿಲುಗಳ ಬದಿಯ ಗೋಡೆಕಲ್ಲಿಗೆ ಬೆನ್ನು ಕೊಟ್ಟಳು. ಹೊಳೆಮತ್ತಿಯ ತಲೆ ಎಮ್ಮೆ, ಬಿದಿರು ಎಲ್ಲದರ ಸಮೇತ ಸೆಳವಿಗೆ ಹಾರಿತು. ಸಡಿಲವಾಗಿದ್ದ ಹಗ್ಗ ಮೆಟ್ಟಿಲುಗಳ ಮೇಲೆ ಒಮ್ಮೆಲೇ ಬಿಗಿದು ನಿಂತು ನೀರು ಉಗುಳಿತು. ಮಂಟಪದ ಚಪ್ಪಡಿಯಿಂದ ಧೂಳು ಉದುರಿತು. ಪಟೇಲರು ಮೇಲೆ ನೋಡಿದರು. ಆಮೇಲೆ ಎದ್ದರು, ಎದ್ದ ರಭಸಕ್ಕೆ ಕುರ್ಚಿ ಬಿತ್ತು, ಪಂಚೆ ಕಾಲಿಗೆ ತೊಡರಿತು, ನಾಲ್ಕು ಕಾಲಿನಲ್ಲೇ ಎಂಬಂತೆ ಗುಡಿಯ ಕಡೆಗೆ ತೆವಳಿದರು.

ಕಂಬ ಬುಡದಿಂದ ಕಿತ್ತು ಬಂತು. ತೊಲೆಗಲ್ಲು ಒಂದು ಗಳಿಗೆ ಗಾಳಿಯಲ್ಲೇ ಯೋಚಿಸಿದಂತೆ ನಿಂತು, ಕುರ್ಚಿಯ ಮೇಲೆ ಬಿತ್ತು. ಚಪ್ಪಡಿಗಳು ಅದರ ಹಿಂದೆಯೇ ಇಳಿದವು. ಕಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಒಡೆಯುತ್ತ ಇಳಿದು ಹೊಳೆ ಸೇರಿ, ಹದಿನೇಳು ನಂಬರಿನ ಮರದ ತಲೆಯ ಹಿಂದೆ ಹೊರಟುಹೋಯಿತು.

“ಎಳಿ ಅತ್ತೆ,” ಎಂದಳು ಬಂಗಾರಮ್ಮ.

ಶೇಷಮ್ಮ ಎಳೆದಳು, ರಂಗಪ್ಪ ಎಳೆದ. ಹಗ್ಗ ಈ ಸಲ ಬಂತು. ಬೊಡ್ಡೆಯಡಿಯಿಂದ ಭೂತಪ್ಪ ಮುಖ ಕೆಳಗಾಗಿ ತೇಲಿಬಂದ. ಬಂಗಾರಮ್ಮ ಸೊಂಟಮಟ್ಟ ನೀರಿಗಿಳಿದು, ಕಂಕುಳಿಗೆ ಕೈ ಕೊಟ್ಟು ಅವನನ್ನು ಮೇಲೆಳೆದಳು. ಎಳೆಯುತ್ತ ಎಳೆಯುತ್ತ ಐದು ಮೆಟ್ಟಿಲು ಹತ್ತಿಸಿದಳು. ಅಲ್ಲಿಗೆ ಕೈ ಸೋತಿತು, ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಗ ಅತ್ತಳು. ಎರಡು ದಿನದ್ದನ್ನೂ ಸೇರಿಸಿ ಅತ್ತಳು.

“ಹಿಡೀರೋ ಅವಳನ್ನ,” ಎಂದು ಪಟೇಲರು ಗುಡಿಯ ಕಟ್ಟೆಯಿಂದ ಕೂಗಿದರು. ದನಿ ಒಡೆದು ಹೆಂಗಸಿನ ದನಿಯಾಗಿತ್ತು. “ನೋಡ್ತಾ ನಿಂತಿದೀರಲ್ಲೋ, ಹಿಡ್ದು ಕಟ್ಟಿ ಹಾಕ್ರೋ. ಎಳ್ಕಂಡು ಹೋಗ್ರೋ ಅವಳನ್ನ, ಆ ಹೆಣನ.”

ಆರು ಜನ ಆಳುಗಳು ದೊಣ್ಣೆ ಹಿಡಿದು ಬಂದರು. ನಾಲ್ಕು ಮೆಟ್ಟಿಲು ಮೇಲೆ ಬಂದು ನಿಂತರು. ಅವಳು ಒದ್ದೆಯಾಗಿದ್ದಳು, ಹೆಣವೂ ಒದ್ದೆಯಾಗಿತ್ತು, ಅವರಿಬ್ಬರಿಂದ ಇಳಿದ ನೀರು ಕಲ್ಲಿನ ಮೇಲೆ ಹರಡುತ್ತಿತ್ತು. ಮುಂದಿದ್ದವನು ಆ ನೀರು ಕಾಲಿಗೆ ತಾಗದಂತೆ ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿದ. ಭಾನುವಾರ ಪಟೇಲರ ಮನೆಯ ಧಾರೆಗೆ ನೀರು ಹೊರಬೇಕಾದವರು ಅವರೇ. ಮುಂದಿದ್ದವನು ಹಿಂದಿದ್ದವನ ಮುಖ ನೋಡಿದ, ಹಿಂದಿದ್ದವನು ಜೋಯಿಸರ ಮುಖ ನೋಡಿದ. ಜೋಯಿಸರು ಗುಡಿಯ ಕಡೆಗೆ ಮುಖ ತಿರುಗಿಸಿದರು.

ಕೆಸರಿನಲ್ಲಿದ್ದ ಶೇಷಮ್ಮ ಹಗ್ಗ ಸುತ್ತಿಕೊಳ್ಳುತ್ತ ಬಂದು ಮೆಟ್ಟಿಲು ಹತ್ತಿದಳು. ಅವಳ ಹಿಂದೆ ರಂಗಪ್ಪ. ಅವನ ಹಿಂದೆ ಕೇರಿಯವರು, ಕಂಕುಳಲ್ಲಿ ಮಗು ಹೊತ್ತ ಒಬ್ಬಳು ಬಾಣಂತಿಯೂ. ಬಂದು ಒಡೆದ ಮೆಟ್ಟಿಲುಗಳ ಮೇಲೆ, ಹೆಣದ ಸುತ್ತ, ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು.

ಎಳೆದು ಹಾಕಬೇಕಾದರೆ ಮುಟ್ಟಬೇಕಿತ್ತು. ಕಾರ್ಖಾನೆ ಮಧ್ಯಾಹ್ನದ ಕೂಗು ಹಾಕಿತು, ಆಮೇಲೆ ಸಂಜೆಯದೂ ಹಾಕಿತು. ದೊಣ್ಣೆ ಹಿಡಿದವರು ನಾಲ್ಕು ಮೆಟ್ಟಿಲು ಮೇಲೆ ನಿಂತೇ ಇದ್ದರು.